ಬೆಣಚು ಕಲ್ಲಿಗೆ ಹರಳೆಣ್ಣೆ

ನನ್ನ ಕೈ ಒಳ್ಳೆಯದು ಎಂದು ಮೂವತ್ತು ವರ್ಷ ಎಲ್ಲರೂ ಹೇಳಿದರು. ನಾನೂ ನಂಬಿದೆ. ಮಗಳ ಎರಡು ವರ್ಷದ ದುಡಿಮೆ ಮಣ್ಣುಪಾಲಾದದ್ದು ಅದೇ ಒಳ್ಳೆಯ ಕೈಯಿಂದ. ತಪ್ಪನ್ನು ಯಾರ ಮೇಲಾದರೂ ಹೊರಿಸೋಣವೆಂದು ಬಹಳ ಹುಡುಕಿದೆ, ಬೇರೆ ಯಾರೂ ಸಿಗಲಿಲ್ಲ.

ನಾನು ಆಂಜಿನಪ್ಪ, ಜಡಿಗೇನಹಳ್ಳಿಯವನು. ಕಸುಬು ಗ್ರಾನೈಟ್ ಪಾಲಿಶ್. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಆದ ಮೇಲೆ ಆ ಕಡೆ ಎದ್ದ ಎಷ್ಟೋ ಹೋಟೆಲುಗಳ ನೆಲಕ್ಕೆ ನಾನು ತಿಕ್ಕಿದ ಕಲ್ಲು ಹೋಗಿದೆ. ಸೂಟ್‌ಕೇಸ್ ಉರುಳಿಸಿಕೊಂಡು ಹೋಗುವವರು ಬಗ್ಗಿ ನೋಡಿದರೆ ಅವರ ಮುಖ ಅವರಿಗೇ ಕಾಣಬೇಕು, ಹಾಗೆ ತಿಕ್ಕುತ್ತಿದ್ದೆ. ಆಮೇಲೆ ಎಲ್ಲರಿಗೂ ಟೈಲ್ಸ್ ಹುಚ್ಚು ಹಿಡಿಯಿತು, ಕಲ್ಲು ಕೇಳುವವರು ಇಲ್ಲವಾದರು, ನಮ್ಮ ಫ್ಯಾಕ್ಟರಿ ಬಾಗಿಲು ಹಾಕಿತು. ಐವತ್ತಮೂರನೆಯ ವಯಸ್ಸಿಗೆ ನಾನು ಮನೆಯ ಮುಂದೆ ಕೂತು ಹೋಗಿಬರುವವರನ್ನು ಬೈಯುವ ಉದ್ಯೋಗ ಹಿಡಿದೆ.

ಅಲ್ಲಿಂದ ನನ್ನನ್ನು ಎಬ್ಬಿಸಿಕೊಂಡು ಹೋದವಳು ಮಗಳು ಪ್ರಮೋದಾ. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮುಗಿಸಿ ಪಿಲ್ಲಗುಂಪೆ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಲೇಸರ್ ಕಂಪನಿಗೆ ಸೇರಿದ್ದಳು. ಹಳೆಯ ದೇವಸ್ಥಾನಗಳ ಕಂಬಕ್ಕೆ ಬಳಿದ ಸುಣ್ಣ, ಹಿಡಿದ ಮಸಿ ಇವನ್ನು ಕಲ್ಲಿಗೆ ನೋವಾಗದ ಹಾಗೆ ಬೆಳಕಿನಿಂದ ತೆಗೆಯುವ ಯಂತ್ರವನ್ನು ಆ ಕಂಪನಿ ತಯಾರು ಮಾಡುತ್ತಿತ್ತು. ಅದಕ್ಕೆ ಮೊದಲು ಎಷ್ಟು ಜೋರಿನ ಬೆಳಕಿಗೆ ಕಲ್ಲೇ ಹಾಳಾಗುತ್ತದೆ ಎಂದು ತಿಳಿಯಬೇಕಲ್ಲ. ಅದನ್ನು ಕಂಡುಹಿಡಿಯುವುದು ಪ್ರಮೋದಾಳ ಕೆಲಸ. ಪರೀಕ್ಷೆಗೆ ರೂಪಾಯಿ ನಾಣ್ಯದಷ್ಟು ಅಗಲದ, ಕನ್ನಡಿಯ ಹಾಗೆ ಪಾಲಿಶ್ ಮಾಡಿದ ಗ್ರಾನೈಟ್ ಬಿಲ್ಲೆಗಳು ಬೇಕಾಗಿದ್ದವು. ನಮ್ಮಪ್ಪ ಮಾಡುತ್ತಾರೆ ಎಂದು ಅವಳೇ ಮಾಲೀಕ ರವಿಚಂದ್ರ ಅವರ ಮುಂದೆ ಹೇಳಿ ನನ್ನನ್ನು ಸೇರಿಸಿದಳು.

ಮೊದಲ ದಿನ ಅವಳು ತನ್ನ ಯಂತ್ರ ತೋರಿಸಿದಳು. ವೆಲ್ಡಿಂಗ್ ಥರ ಕಿಡಿ ಹಾರುತ್ತದೆ, ಹೊಗೆ ಬರುತ್ತದೆ ಎಂದುಕೊಂಡಿದ್ದ ನನಗೆ ನಿರಾಸೆಯಾಯಿತು. ಟಿಕ್ ಎಂದು ಒಂದು ಸಣ್ಣ ಸದ್ದು, ಅಷ್ಟೇ. ಮೈಕ್ರೋಸ್ಕೋಪಿನಲ್ಲಿ ನೋಡು ಎಂದಳು. ಗ್ರಾನೈಟಿನೊಳಗಿನ ಬೆಣಚು ಕಲ್ಲಿನ ಒಂದು ಕಾಳಿನಲ್ಲಿ ಪುಟ್ಟ ಗುಳಿ ಬಿದ್ದಿತ್ತು. ಅಂಚು ಸುಟ್ಟಿರಲಿಲ್ಲ, ಸೀಳಿರಲಿಲ್ಲ. ಚಮಚದಲ್ಲಿ ತೆಗೆದ ಹಾಗಿತ್ತು.

"ಕಲ್ಲು ಬಿಸಿ ಆಗಲ್ವಾ?" ಎಂದು ಕೇಳಿದೆ.

"ಬಿಸಿ ಆಗಕ್ಕೆ ಟೈಮ್ ಎಲ್ಲಿದೆ ಅಪ್ಪ. ಒಂದು ಸೆಕೆಂಡನ್ನ ಐದು ಲಕ್ಷ ಕೋಟಿ ಪಾಲು ಮಾಡು. ಅದ್ರಲ್ಲಿ ಒಂದೇ ಒಂದು ಪಾಲು ಹೊತ್ತು ಈ ಬೆಳಕು ಇರುತ್ತೆ. ಕಾವು ಒಳಗೆ ಇಳಿಯೋ ಮುಂಚೇನೇ ಮೇಲಿನ ಪದರ ಕಿತ್ಕೊಂಡು ಹೋಗಿರುತ್ತೆ. ಪಕ್ಕದಲ್ಲಿರೋ ಕಲ್ಲಿಗೆ ಗೊತ್ತೇ ಆಗಲ್ಲ."

ಅಷ್ಟು ಪಾಲು ಮಾಡುವ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ. ಆದರೆ ಕಲ್ಲಿನ ಮಾತು ಹತ್ತಿತು. ಗ್ರಾನೈಟಿನಲ್ಲಿ ಇರುವ ಕಪ್ಪು ಕಾಗೆ ಬಂಗಾರ ಸ್ವಲ್ಪ ಹೊಡೆತಕ್ಕೇ ಎದ್ದುಹೋಗುತ್ತದೆ. ಬಿಳಿ, ಗುಲಾಬಿ ಬಣ್ಣದ ಕಾಳು, ಫೆಲ್ಡ್‌ಸ್ಪಾರ್, ಇನ್ನಷ್ಟು ತಡೆಯುತ್ತದೆ. ಕೊನೆಯವರೆಗೂ ಗಟ್ಟಿಯಾಗಿ ನಿಲ್ಲುವುದು ಬೆಣಚು. ಸಾಧಾರಣ ಬೆಳಕು ಅದರೊಳಗೆ ಹಾದು ಆ ಕಡೆ ಹೋಗಿಬಿಡುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಈ ಬೆಳಕು ಎಷ್ಟು ಒತ್ತಾಗಿ ಬರುತ್ತದೆಂದರೆ ಬೆಣಚಿಗೂ ಬಿಟ್ಟುಕಳಿಸಲು ಆಗದೆ ನುಂಗಬೇಕಾಗುತ್ತದೆ, ನುಂಗಿ ಒಡೆಯುತ್ತದೆ. ಇನ್ನೊಂದು ಸಂಗತಿಯನ್ನೂ ಅವಳು ತೋರಿಸಿದಳು. ಒಂದು ಹೊಡೆತಕ್ಕೆ ಗೆರೆಯೂ ಬೀಳದ ಕಡೆ ಅದೇ ಮೆತ್ತನೆಯ ಹೊಡೆತ ಸಾವಿರ ಸಲ ಬಿದ್ದರೆ ಕೊನೆಗೆ ಗುಳಿ ಬೀಳುತ್ತದೆ. ಮೊದಲಿನ ಒಂಬೈನೂರರಲ್ಲಿ ಏನಾಯಿತು ಎಂದು ಯಾವ ಮೈಕ್ರೋಸ್ಕೋಪಿಗೂ ಕಾಣುವುದಿಲ್ಲವಂತೆ.

ಯಾವ ಕಲ್ಲು ಎಷ್ಟು ಹೊಡೆತ ತಡೆಯುತ್ತದೆ ಎಂಬ ಅಂಕಿಗಳನ್ನು ಅವಳು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದಳು. ಆ ಪಟ್ಟಿ ಪೂರ್ತಿಯಾಗಿ ಒಪ್ಪಿಗೆಯಾದರೆ ಅವಳ ಕೆಲಸ ಕಾಯಂ, ರಿಪೋರ್ಟಿನ ಮೇಲೆ ಅವಳ ಹೆಸರು. ಬೇರೆ ಏನೂ ಅವಳಿಗೆ ಬೇಕಿರಲಿಲ್ಲ. ನಮ್ಮ ಕಡೆಯವರು ಗಂಡಿನ ವಿಷಯ ಎತ್ತಿದರೆ, ಪಟ್ಟಿ ಮುಗೀಲಿ ಎನ್ನುತ್ತಿದ್ದಳು. ಯಾವ ಪಟ್ಟಿ ಎಂದು ಕೇಳಿದವರಿಗೆ ನಾನು ವಿವರಿಸುತ್ತಿದ್ದೆ. ಅವರು ಅರ್ಥವಾಗದೆ ಬಾಯಿ ಬಿಟ್ಟು ಕೂತರೆ ನನಗೆ ಒಳಗೊಳಗೇ ಖುಷಿ.

ಈಗ ಎಣ್ಣೆಯ ವಿಷಯ. ಸುತ್ತಿ ಬಳಸಿ ಹೇಳುವುದು ಬೇಡ. ನನಗೆ ಕೆಲಸ ಕಲಿಸಿದ ಆದಿನಾರಾಯಣಪ್ಪ ಮೇಸ್ತ್ರಿ ಯಾವ ಕಲ್ಲನ್ನೂ ಒಣ ಮುಖದಲ್ಲಿ ಆಚೆ ಕಳಿಸುತ್ತಿರಲಿಲ್ಲ. ಪಾಲಿಶ್ ಮುಗಿದು, ಪುಡಿ ತೊಳೆದು, ಇನ್ನೇನು ಲಾರಿಗೆ ಏರಿಸಬೇಕು ಎನ್ನುವಾಗ ಒಂದು ತೊಟ್ಟು ಹರಳೆಣ್ಣೆಯನ್ನು ಕಲ್ಲಿನ ಮೇಲೆ ಎಳೆಯಬೇಕು, ಆಮೇಲೆ ತೆಳು ಹತ್ತಿಬಟ್ಟೆಯಲ್ಲಿ ಕೈ ಸೋಲುವವರೆಗೆ ಒರೆಸಬೇಕು. ಎಣ್ಣೆ ಇದೆ ಎಂದು ಕಣ್ಣಿಗೆ ಕಾಣಬಾರದು, ಬೆರಳಿಗೂ ತಿಳಿಯಬಾರದು. ಆದರೆ ಕಲ್ಲಿನ ಬಣ್ಣ ಒಳಗಿನಿಂದ ಎದ್ದು ಬರುತ್ತದೆ. "ಮಗೂನ ಸ್ಕೂಲ್ಗೆ ಕಳ್ಸುವಾಗ ತಲೆ ಬಾಚಲ್ವೇನ್ಲಾ, ಹಂಗೇ ಇದೂ" ಎನ್ನುತ್ತಿದ್ದ ಮೇಸ್ತ್ರಿ. ಹದಿನೆಂಟನೆಯ ವಯಸ್ಸಿನಿಂದ ನನ್ನ ಕೈಗೆ ಅದು ಅಭ್ಯಾಸ. ಊಟ ಮುಗಿಸಿ ಕೈ ತೊಳೆಯುವವನು ನಾನು ಕೈ ತೊಳೆಯುತ್ತೇನೆ ಎಂದು ಯೋಚಿಸುವುದಿಲ್ಲವಲ್ಲ, ಹಾಗೆ.

ಕಂಪನಿಯಲ್ಲಿ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಇಂಗ್ಲಿಷಿನಲ್ಲಿದ್ದ ಅದನ್ನು ಪ್ರಮೋದಾ ನನಗೆ ಓದಿ ಹೇಳಿದ್ದಳು. ಪುಡಿಯಲ್ಲಿ ತಿಕ್ಕಬೇಕು, ನೀರಿನಲ್ಲಿ ತೊಳೆಯಬೇಕು, ಸ್ಪಿರಿಟ್‌ನಲ್ಲಿ ಒರೆಸಬೇಕು, ಗ್ಲೌಸ್ ಹಾಕಿಕೊಂಡು ಪ್ಯಾಕೆಟ್ಟಿಗೆ ಹಾಕಿ ಸೀಲ್ ಮಾಡಬೇಕು. ನಾನು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ಸ್ಪಿರಿಟ್ ಆದ ಮೇಲೆ, ಸೀಲ್ ಮಾಡುವ ಮುಂಚೆ, ಗ್ಲೌಸ್ ಹಾಕಿಕೊಂಡೇ ಎಣ್ಣೆ ಎಳೆದೆ. ಎಣ್ಣೆ ಹಚ್ಚಬಾರದು ಎಂದು ಕಾಗದದಲ್ಲಿ ಇರಲಿಲ್ಲ. ಹಚ್ಚುವ ಮನುಷ್ಯನೊಬ್ಬ ಇರುತ್ತಾನೆಂದು ಅದನ್ನು ಬರೆದವರಿಗೆ ಹೇಗೆ ಹೊಳೆಯಬೇಕು. ಸೀಲ್ ಮಾಡಿದ ಪ್ಯಾಕೆಟ್ಟನ್ನು ಮಗಳು ಯಂತ್ರದ ಮುಂದೆಯೇ ಬಿಚ್ಚುತ್ತಿದ್ದಳು. ಬಿಲ್ಲೆ ಫಳಫಳ ಎನ್ನುತ್ತಿತ್ತು. ರವಿಚಂದ್ರ ಒಂದು ಸಲ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನ್ರೀ ಆಂಜಿನಪ್ಪನವರೇ, ಇದು ಕಲ್ಲೋ ಗಾಜೋ" ಎಂದರು. ಆ ಮಾತನ್ನು ಮನೆಗೆ ಬಂದು ಹೆಂಡತಿ ಮುನಿವೆಂಕಟಮ್ಮನಿಗೆ ಎರಡು ಸಲ ಹೇಳಿದೆ.

ಒಂದೇ ಒಂದು ಸಲ ದೇವರು ನನಗೆ ಬುದ್ಧಿ ಹೇಳಲು ನೋಡಿದ. ತಂಗಿಯ ಮೊಮ್ಮಗನ ಮುಡಿ ಕೊಡಿಸಲು ಮೂರು ದಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದೆ. ಆಗ ಪ್ಯಾಕಿಂಗ್ ಮಾಡುತ್ತಿದ್ದ ರಾಮಾಂಜಿನಪ್ಪ ನನ್ನ ಜಾಗದಲ್ಲಿ ಆರು ಬಿಲ್ಲೆ ತಿಕ್ಕಿದ. ಅವನು ಸೋಮಾರಿ, ಕಾಗದದಲ್ಲಿ ಇದ್ದಷ್ಟು ಮಾಡಿ ಕೈ ಬಿಟ್ಟ. ನಾನು ವಾಪಸ್ಸು ಬಂದಾಗ ಪ್ರಮೋದಾ ತಲೆ ಕೆಡಿಸಿಕೊಂಡು ಕೂತಿದ್ದಳು.

"ಅಪ್ಪ, ಈ ಆರು ಬಿಲ್ಲೇಲಿ ಬೆಣಚು ಜಾಸ್ತಿ ಹೊಡೆತ ತಡೀತಿದೆ. ಉಳ್ದಿದ್ದಕ್ಕೆ ಹೊಂದ್ತಾನೇ ಇಲ್ಲ."

ಒಂದು ಬಿಲ್ಲೆ ತೆಗೆದು ನೋಡಿ ಮುಖ ಸಿಂಡರಿಸಿದೆ. "ಕಲ್ಲಲ್ಲಿ ಕಳೇನೇ ಇಲ್ವಲ್ಲಮ್ಮ. ಅವನ ಕೈಲಿ ಪಾಲಿಶ್ ಮಾಡ್ಸಿದ್ರೆ ಇನ್ನೇನಾಗುತ್ತೆ. ಬಿಸಾಕು ಆಚೆಗೆ, ನಾನು ಬೇರೆ ಮಾಡ್ಕೊಡ್ತೀನಿ."

ಅವಳು ನನ್ನ ಮಾತು ನಂಬಿ ಆ ಆರು ಅಂಕಿಗಳ ಮೇಲೆ ಕೆಂಪು ಗೆರೆ ಎಳೆದಳು. ಎರಡು ವರ್ಷದ ನೋಟ್‌ಬುಕ್ಕಿನಲ್ಲಿ ಸರಿಯಾಗಿದ್ದವು ಆ ಆರು ಮಾತ್ರ.

ಪಟ್ಟಿ ಮುಗಿಯಿತು. ಬೇರೆ ಲ್ಯಾಬುಗಳವರು ಬರೆದಿದ್ದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಹೊಡೆತಕ್ಕೇ ಅವಳ ಬೆಣಚು ಒಡೆಯುತ್ತಿತ್ತು. ನಮ್ಮ ಕಡೆಯ ಕಲ್ಲೇ ಹಾಗೆ ಇರಬಹುದು ಎಂದು ರವಿಚಂದ್ರ ಕುಣಿದಾಡಿದರು. ಇನ್ನೊಬ್ಬರ ಕೈಯಲ್ಲೂ ನೋಡಿಸಿಬಿಡೋಣ ಎಂದು ಹತ್ತು ಬಿಲ್ಲೆಗಳನ್ನು ಪುಣೆಯ ಒಂದು ಲ್ಯಾಬಿಗೆ ಕಳಿಸಿದರು. ಒಂದೂವರೆ ತಿಂಗಳಿಗೆ ಉತ್ತರ ಬಂತು. ಪ್ರಮೋದಾ ಅದನ್ನು ಮನೆಗೆ ತಂದಳು. ಎರಡನೆಯ ಶನಿವಾರ, ರಜೆ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅವಳು ಮುದ್ದೆ ಮುರಿಯದೆ ಸುಮ್ಮನೆ ತಟ್ಟೆ ನೋಡುತ್ತಿದ್ದಳು.

"ಅವ್ರ ಅಂಕಿ ಬೇರೇನೇ ಬಂದಿದೆ. ಎಲ್ಲಾ ಕಡೆ ಇರೋ ಹಾಗೇ ಬಂದಿದೆ. ಬಿಲ್ಲೆಗಳನ್ನ ಅವ್ರು ಮತ್ತೆ ಚೆನ್ನಾಗಿ ತೊಳೆದು ನೋಡಿದ್ರಂತೆ."

"ಹಂಗಂದ್ರೆ?"

"ಒಂದೋ ನಾನು ಅಳೆದಿದ್ದು ತಪ್ಪು. ಇಲ್ಲಾ ಬಿಲ್ಲೆ ಮೇಲೆ ಜಿಡ್ಡು ಇತ್ತು. ಕಣ್ಣಿಗೆ ಕಾಣ್ದೆ ಇರೋಷ್ಟು ಜಿಡ್ಡಿದ್ರೂ ಸಾಕು, ಮೊದ್ಲು ಅದು ಬೆಳಕು ಹಿಡ್ಕೊಂಡು ಕರ್ರಗಾಗುತ್ತೆ, ಆ ಕರಿ ಮುಂದಿನ ಹೊಡೆತಗಳನ್ನ ಎಳ್ಕೊಳ್ಳುತ್ತೆ. ಕಲ್ಲು ಬೇಗ ಒಡೆಯುತ್ತೆ." ತಲೆ ಎತ್ತಿ ನನ್ನನ್ನು ನೋಡಿದಳು. "ಅಪ್ಪ, ನೀನು ಪೇಪರಲ್ಲಿ ಇರೋ ಹಾಗೇ ತಾನೇ ಮಾಡ್ತಿದ್ದಿದ್ದು?"

ಆ ಗಳಿಗೆಯಲ್ಲೇ ನನಗೆ ಎಲ್ಲವೂ ತಿಳಿಯಿತು. ತಿಳಿಯಲಿಲ್ಲ ಎಂದು ಇವತ್ತು ಹೇಳಿದರೆ ಅದು ಇನ್ನೊಂದು ಸುಳ್ಳು. ಒಂದು ತೊಟ್ಟು ಎಣ್ಣೆ ಹಚ್ಚುತ್ತಿದ್ದೆ ಮಗಳೇ ಎಂದರೆ ಮುಗಿಯುತ್ತಿತ್ತು. ಆದರೆ ಗಾಜೋ ಕಲ್ಲೋ ಎಂದು ಮಾಲೀಕರ ಬಾಯಲ್ಲಿ ಅನಿಸಿಕೊಂಡ ಕೈ ಇದು. ಓದಿದ ಮಗಳ ಮುಂದೆ, ಹೆಂಡತಿಯ ಮುಂದೆ, ಕೊಳಕು ಕೈಯವನು ಆಗುವುದು ನನ್ನಿಂದ ಆಗಲಿಲ್ಲ.

"ಹೂಂ. ಹಂಗೇ" ಎಂದೆ.

"ನಂಗೊತ್ತು" ಎಂದಳು. ಅವಳು ಊಟ ಮಾಡಿದ್ದು ಆಮೇಲೆಯೇ.

ಭಾನುವಾರ ಇಡೀ ದಿನ ನನ್ನ ಹತ್ತಿರ ಇತ್ತು. ಅವಳು ಬಟ್ಟೆ ಒಗೆದಳು, ಅವಳಮ್ಮನ ತಲೆಗೆ ನೀರು ಹಾಕಿದಳು, ಸಂಜೆ ನನಗೆ ಕಾಫಿ ತಂದುಕೊಟ್ಟಳು. ಐದಾರು ಸಲ ಬಾಯಿ ತೆಗೆದೆ. ಪ್ರತಿ ಸಲವೂ ಬೇರೆ ಏನೋ ಮಾತಾಡಿದೆ. ನಾಳೆ ಹೇಳಿದರಾಯಿತು, ಅಷ್ಟರಲ್ಲಿ ಅವರೇ ಏನಾದರೂ ಬೇರೆ ಕಾರಣ ಹುಡುಕಿಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟು ದೊಡ್ಡ ಯಂತ್ರದಲ್ಲಿ ಒಂದು ತಪ್ಪೂ ಇರುವುದಿಲ್ಲವೇ ಎಂದು ಅದರ ಮೇಲೆ ಆಸೆ ಇಟ್ಟುಕೊಂಡೆ.

ಸೋಮವಾರ ರವಿಚಂದ್ರ ನನ್ನನ್ನು ತಮ್ಮ ರೂಮಿಗೆ ಕರೆಸಿದರು. ಪ್ರಮೋದಾ ಅಲ್ಲೇ ನಿಂತಿದ್ದಳು.

"ಆಂಜಿನಪ್ಪನವರೇ, ಬೇಜಾರು ಮಾಡ್ಕೋಬೇಡಿ. ಬಿಲ್ಲೆಗೆ ಜಿಡ್ಡು ಏನಾದ್ರೂ ತಗಲಿರೋ ಚಾನ್ಸ್ ಇದ್ಯಾ? ಊಟದ ಕೈಯೋ, ಮೆಷೀನಿನ ಗ್ರೀಸೋ?"

ನಾನು ಬಾಯಿ ತೆಗೆಯುವಷ್ಟರಲ್ಲಿ ಮಗಳು ಅಡ್ಡ ಬಂದಳು. "ಅವ್ರನ್ನ ಕೇಳ್ಬೇಡಿ ಸಾರ್. ಮೂವತ್ತು ವರ್ಷದ ಕೈ ಅದು. ನಮ್ಮಪ್ಪ ಅಂತ ಹೇಳ್ತಿಲ್ಲ, ಅವ್ರಷ್ಟು ಕ್ಲೀನಾಗಿ ಕೆಲಸ ಮಾಡೋರನ್ನ ನಾನು ನೋಡಿಲ್ಲ. ಬಿಲ್ಲೆ ಮೇಲೆ ಜಿಡ್ಡಿರ್ಲಿಲ್ಲ ಅಂತ ನಾನು ಬರ್ಕೊಡ್ತೀನಿ. ತಪ್ಪಿದ್ರೆ ಪವರ್ ಮೀಟರಲ್ಲಿರುತ್ತೆ, ಅದನ್ನ ಚೆಕ್ ಮಾಡ್ಸಿ."

"ಯೋಚ್ನೆ ಮಾಡಿ ಬರೀರಮ್ಮ" ಎಂದರು ರವಿಚಂದ್ರ. ಅವರು ಕೆಟ್ಟವರಲ್ಲ. "ಮೀಟರ್ ಸರಿ ಇದೆ ಅಂತಾದ್ರೆ ನಿಮ್ಗೆ ಹೇಳಕ್ಕೆ ಏನೂ ಉಳಿಯಲ್ಲ."

ಅವಳು ಅಲ್ಲೇ ಕೂತು ಬರೆದು ಸಹಿ ಮಾಡಿದಳು. ನಾನು ಅವಳ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದೆ. ಪೆನ್ನು ಓಡುವುದು ಕಾಣುತ್ತಿತ್ತು. ನನಗೆ ನಾಲಿಗೆ ಇತ್ತು, ಕಾಲೂ ಇತ್ತು. ಎರಡೂ ಅಲ್ಲಾಡಲಿಲ್ಲ. ನಾನು ಹೇಡಿ ಎಂದು ನನಗೆ ಗೊತ್ತಾದದ್ದು ಐವತ್ತೈದನೆಯ ವಯಸ್ಸಿನಲ್ಲಿ, ಹಾಡುಹಗಲು, ಫ್ಯಾನಿನ ಕೆಳಗೆ ನಿಂತಾಗ.

ಬೆಳಕಿನ ಜೋರು ಅಳೆಯುವ ಆ ಮೀಟರ್ ಬೆಂಗಳೂರಿಗೆ ಹೋಗಿ ಬಂತು. ಸರಿಯಾಗಿತ್ತು. ಜಿಡ್ಡು ಇಲ್ಲ, ಮೀಟರ್ ಸರಿ, ಹಾಗಾದರೆ ಉಳಿದದ್ದು ಅಳೆದವಳು. ಎರಡು ವರ್ಷ ತಪ್ಪು ಅಳೆದವಳಿಗೆ ಕೆಲಸ ಕಾಯಂ ಮಾಡುವುದಿರಲಿ, ಇಟ್ಟುಕೊಳ್ಳುವುದೂ ಕಷ್ಟ ಎಂದರು. ಪುಣೆಯವರ ಅಂಕಿಗಳನ್ನೇ ಯಂತ್ರಕ್ಕೆ ಹಾಕಿದರು. ರಾಜೀನಾಮೆ ಬರೆಸಿಕೊಂಡು ಅವಳನ್ನು ಮರ್ಯಾದೆಯಿಂದಲೇ ಕಳಿಸಿದರು. ನನ್ನನ್ನು ಮಾತ್ರ ಇರಿ ಎಂದರು. ಪುಣೆಯ ಕಾಗದದ ಕೊನೆಯಲ್ಲಿ ಒಂದು ಸಾಲು ಇತ್ತಂತೆ, ಬಿಲ್ಲೆಗಳ ಪಾಲಿಶ್ ಬಹಳ ಮೇಲ್ಮಟ್ಟದ್ದು ಎಂದು.

ಮೂರು ವಾರ ಹೀಗೆ ನಡೆಯಿತು. ಬೆಳಗ್ಗೆ ಏಳೂವರೆಯ ಬಸ್ಸಿಗೆ ನಾನು ಕೆಲಸಕ್ಕೆ ಹೋಗುವುದು, ಮಗಳು ಡಬ್ಬಿ ಕಟ್ಟಿಕೊಡುವುದು. ಅವಳು ಎದ್ದವಳೇ ನೋಟ್‌ಬುಕ್ಕಿನ ಜೆರಾಕ್ಸ್ ಹರಡಿಕೊಂಡು ಕೂರುತ್ತಿದ್ದಳು. ಮೊದಲ ಪುಟದಿಂದ ಒಂದೊಂದೇ ಲೆಕ್ಕವನ್ನು ಮತ್ತೆ ಹಾಕುತ್ತಿದ್ದಳು. "ತಪ್ಪು ಎಲ್ಲಾದ್ರೂ ಸಿಗ್ಬೇಕಲ್ಲ ಅಪ್ಪ" ಎನ್ನುತ್ತಿದ್ದಳು. ಸಿಗುವುದಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ. ಡಬ್ಬಿ ತೆಗೆದುಕೊಂಡು ಹೋಗಿ ಅವಳಿಲ್ಲದ ಲ್ಯಾಬಿಗೆ ಬಿಲ್ಲೆ ತಿಕ್ಕುತ್ತಿದ್ದೆ. ಈಗ ಸ್ಪಿರಿಟ್ ಆದ ಮೇಲೆ ನಿಲ್ಲಿಸುತ್ತಿದ್ದೆ. ಕಲ್ಲು ಮಂಕಾಗಿ ಕಾಣುತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ನಾನು ಜೀವಮಾನವೆಲ್ಲ ಯಾರಿಗಾಗಿ ಆ ಎಣ್ಣೆ ಎಳೆದೆ ಎಂದು ಸಿಟ್ಟು ಬರುತ್ತಿತ್ತು.

ನಾಲ್ಕನೆಯ ಭಾನುವಾರ ಬೆಳಗ್ಗೆ ಅವಳು ಒಂದು ಕಾಗದ ಬರೆದು ನನಗೆ ಓದಿ ಹೇಳಿದಳು. ಪುಣೆಯವರಿಗೆ. ನಮ್ಮ ಬಿಲ್ಲೆಗಳ ಮೇಲೆ ಜಿಡ್ಡು ಇರಲು ಸಾಧ್ಯವೇ ಇಲ್ಲ, ನೀವು ತೊಳೆಯುವಾಗಲೇ ಕಲ್ಲಿನ ಮೇಲ್ಮೈ ಬದಲಾಗಿರಬೇಕು, ನಿಮ್ಮ ಅಂಕಿಗಳನ್ನು ನೀವೇ ಮತ್ತೆ ನೋಡಿಕೊಳ್ಳಿ ಎಂದಿತ್ತು. ಅಲ್ಲಿನ ದೊಡ್ಡವರೆಲ್ಲರ ಹೆಸರನ್ನೂ ಮೇಲೆ ಬರೆದಿದ್ದಳು. ಇದು ಹೋದರೆ ಈ ವಿದ್ಯೆ ಗೊತ್ತಿದ್ದವರೆಲ್ಲ ಅವಳ ಹೆಸರು ಹೇಳಿ ನಗುತ್ತಾರೆ ಎಂದು ನನ್ನಂಥವನಿಗೂ ತಿಳಿಯಿತು.

"ಅದನ್ನ ಕಳಿಸ್ಬೇಡ" ಎಂದೆ.

"ಯಾಕೆ?"

"ಎಣ್ಣೆ ಹಚ್ತಿದ್ದೆ ಕಣಮ್ಮ. ನಾನೇ."

ಒಳಗೆ ಅಕ್ಕಿ ಆರಿಸುತ್ತಿದ್ದ ಮುನಿವೆಂಕಟಮ್ಮನ ಮೊರ ನಿಂತಿತು. ಮಗಳು ಅಳುತ್ತಾಳೆ, ಇಲ್ಲ ಕೂಗಾಡುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಅವಳು ಎದ್ದು ಹೋಗಿ ಪೆನ್ನು ತಂದಳು. ಪುಣೆಗೆ ಬರೆದಿದ್ದ ಕಾಗದವನ್ನು ಮಗುಚಿ ಅದರ ಖಾಲಿ ಬೆನ್ನಿನ ಮೇಲೆ ತಾರೀಖು ಹಾಕಿದಳು.

"ಯಾವ ಎಣ್ಣೆ?"

"ಹರಳೆಣ್ಣೆ."

"ಯಾವಾಗ ಹಚ್ತಿದ್ದೆ? ಸ್ಪಿರಿಟ್ಗೆ ಮುಂಚೇನಾ, ಆಮೇಲಾ?"

"ಆಮೇಲೆ. ಸೀಲ್ ಮಾಡೋ ಮುಂಚೆ."

"ಎಷ್ಟು?"

"ಹತ್ತು ಬಿಲ್ಲೆಗೆ ಒಂದು ತೊಟ್ಟು. ಆಮೇಲೆ ಬಟ್ಟೇಲಿ ಒರೆಸ್ತಿದ್ದೆ. ಒಂದೊಂದನ್ನೂ ಐದು ನಿಮಿಷ."

"ಯಾವ ಬಟ್ಟೆ?"

"ನಿಮ್ಮಮ್ಮನ ಹಳೇ ಸೀರೆ. ಒಗೆದಿದ್ದು."

ಅವಳು ಒಂದೊಂದನ್ನೂ ಬರೆದುಕೊಂಡಳು. ಕೇಳುವ ದನಿಯಲ್ಲಿ ಸಿಟ್ಟಿರಲಿಲ್ಲ, ಯಂತ್ರದ ಮುಂದೆ ನಿಂತಾಗ ಇರುತ್ತಿದ್ದ ದನಿ. ನಾಚಿಕೆಗೇಡು ಎಂದರೂ ಹೇಳುತ್ತೇನೆ, ಉತ್ತರ ಹೇಳುತ್ತಾ ಹೋದ ಹಾಗೆ ನನಗೆ ಹಗುರವಾಯಿತು, ಉತ್ಸಾಹವೂ ಬಂತು. ನನ್ನ ಕೆಲಸವನ್ನು ಇಷ್ಟು ಬಿಡಿಸಿ ಯಾರೂ ಯಾವತ್ತೂ ಕೇಳಿರಲಿಲ್ಲ. ಕೈ ಹೇಗೆ ತಿರುಗಿಸಬೇಕು ಎಂದು ತೋರಿಸಿದೆ ಕೂಡ.

ಅವಳು ಬರೆಯುವುದನ್ನು ನಿಲ್ಲಿಸಿ ಗೋಡೆ ನೋಡಿದಳು. "ದೇವಸ್ಥಾನದ ಕಂಬ ಎಲ್ಲಾ ಎಣ್ಣೆ ಕುಡಿದಿರುತ್ತೆ ಅಪ್ಪ. ನೂರಾರು ವರ್ಷದ ಎಣ್ಣೆ. ಆ ಮೆಷೀನಿಗೆ ಬೇಕಾಗಿದ್ದಿದ್ದು ನನ್ನ ಅಂಕಿ, ಪುಣೆಯವರದ್ದಲ್ಲ. ತೊಳೆದ ಕಲ್ಲಿಗೊಂದು ಪಟ್ಟಿ, ಎಣ್ಣೆ ಕಲ್ಲಿಗೊಂದು ಪಟ್ಟಿ, ಎರಡನ್ನೂ ಪಕ್ಕಪಕ್ಕ ಇಟ್ಟಿದ್ರೆ ಆಗ್ತಿತ್ತು. ಬಿಲ್ಲೆ ತೊಳೆದು ಮತ್ತೆ ಹೊಡೆಯೋಕೆ ಎರಡು ದಿನದ ಕೆಲಸ. ಆಗ ಮೆಷೀನು ನನ್ನ ಕೈಲೇ ಇತ್ತು."

"ಈಗ್ಲೂ ಹೋಗಿ ಹೇಳನ. ನಾನೂ ಬರ್ತೀನಿ, ಸಾರ್ ಹತ್ರ ನಾನೇ ಹೇಳ್ತೀನಿ."

"ಜಿಡ್ಡಿರ್ಲಿಲ್ಲ ಅಂತ ನನ್ನ ಕೈಯಾರೆ ಬರ್ಕೊಟ್ಟಿದ್ದೀನಿ. ಈಗ ಇತ್ತು ಅಂದ್ರೆ, ಕೆಲಸ ಹೋದ್ಮೇಲೆ ಅಪ್ಪ ಮಗಳು ಸೇರಿ ಕಥೆ ಕಟ್ತಿದ್ದಾರೆ ಅಂತಾರೆ."

ಹೊಸಕೋಟೆ ಕಡೆ ಹೋಗುವ ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು. ಅವಳು ಮತ್ತೆ ಕಾಗದದ ಮೇಲೆ ಪೆನ್ನು ಇಟ್ಟಳು. ಎಷ್ಟು ಎಣ್ಣೆ, ಯಾವ ಬಟ್ಟೆ ಎಂದು ಕೇಳಿದ ಅದೇ ದನಿಯಲ್ಲಿ ಕೇಳಿದಳು.

"ಎಣ್ಣೆಯಿಂದ ಹೀಗಾಯ್ತು ಅಂತ ನಿಂಗೆ ಯಾವತ್ತು ಗೊತ್ತಾಯ್ತು?"

ಇವತ್ತು ಎನ್ನಬಹುದಾಗಿತ್ತು. ನಿನ್ನೆ ಎನ್ನಬಹುದಾಗಿತ್ತು. ಅವಳು ನಂಬುತ್ತಿದ್ದಳು, ನನ್ನನ್ನು ನಂಬುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ.

"ಪುಣೆ ಕಾಗದ ಬಂದಾಗ" ಎಂದೆ. "ಅವತ್ತು ಶನಿವಾರ, ಊಟಕ್ಕೆ ಕೂತಿದ್ವಲ್ಲ, ಆವಾಗ."

ಪೆನ್ನು ಹಾಗೇ ನಿಂತಿತ್ತು. ಶನಿವಾರ, ಭಾನುವಾರ, ಸೋಮವಾರ ಎಂದು ಅವಳು ಮನಸ್ಸಿನಲ್ಲೇ ಎಣಿಸಿಕೊಂಡದ್ದು ನನಗೆ ಮುಖದಲ್ಲಿ ಕಂಡಿತು. ಅದನ್ನು ಮಾತ್ರ ಅವಳು ಬರೆದುಕೊಳ್ಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಹರಡಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿಕೊಂಡು ಒಳಗೆ ಹೋದಳು.